ಮೇಕೆಗೆ ಕೈ ಇರೋದಿಲ್ಲ

ಬುಟ್ಟಿಯ ನೆರಳು ಬಾಲ್ಕನಿಯ ಗೋಡೆಯ ಮೇಲೆ ಇಳಿಯುತ್ತಿದೆ, ಒಣಹಾಕಿದ ಟವೆಲಿಗೆ ತಾಗಿ ಒಂದು ಸುತ್ತು ತಿರುಗಿ ನಿಂತಿತು, ನೀಲಿ ಹಗ್ಗ, ಹಿಡಿಕೆಗೆ ಬಿಗಿದ ಗಂಟು, ತಳದಲ್ಲಿ ಮಡಚಿಟ್ಟ ಹಳೇ ಪೇಪರು — ಮೇಲಿನ ಮನೆಯ ಟೈಲರ್ ಹುಡುಗಿ ಹಗ್ಗವನ್ನು ಕಂಬಿಗೆ ಕಟ್ಟಿ ಮತ್ತೆ ಮೆಷಿನ್ನಿಗೆ ಕೂತಿರುತ್ತಾಳೆ, ಬಗ್ಗಿ ನೋಡುವುದಕ್ಕೆ ಅವಳ ಹೊಟ್ಟೆ ಬಿಡುವುದಿಲ್ಲ ಈಗ, ತುಂಬು ಬಸುರಿ, ಅಕ್ಕ ಪಾಲಕ್ ಇದ್ರೆ ಜಾಸ್ತಿನೇ ಹಾಕಿ, ನನಗೊಬ್ಬಳಿಗಲ್ಲ ಇಬ್ಬರಿಗೆ, ಅಂತ ನಗುತ್ತಾಳೆ, ನಾನೂ ನಗುತ್ತಿದ್ದೆ, ನನ್ನ ಕೈಯ ಸೊಪ್ಪು ತಿಂದು ಹುಟ್ಟೋ ಮಗು ಹುಟ್ಟಿದ ದಿನವೇ ಎದ್ದು ಓಡುತ್ತೆ ನೋಡು ಅಂದಿದ್ದೆ, ಹಾಳು ಬಾಯಿ ನನ್ನದು — ಮೆಷಿನ್ನಿನ ಸದ್ದು ಚಾವಣಿಯ ಮೂಲಕ ಬರುತ್ತಿದೆ, ಓಡಿ, ನಿಂತು, ಮತ್ತೆ ಓಡಿ, ಬುಟ್ಟಿ ಬಾಯಿ ತೆರೆದುಕೊಂಡು ನನ್ನ ಮುಖದ ಮುಂದೆಯೇ ತೂಗುತ್ತಿದೆ, ಕೆಳಗೆ ಸಾಲಾಗಿ ಕರೀ ಡಬ್ಬಿಗಳು, ಅವುಗಳಲ್ಲಿ ಪಾಲಕ್, ಕೊತ್ತಂಬರಿ, ಪುದೀನ, ಕಂಬಿಗೆ ಹಬ್ಬಿದ ಬೀನ್ಸು, ಹಾಳಾದ್ದು ಎಷ್ಟು ಚೆನ್ನಾಗಿ ಬೆಳೆದಿದೆ, ಒಂದು ಎಲೆಯಾದರೂ ಹಳದಿಯಾಗಿ, ಮುರುಟಿ, ನನಗೆ ಒಂದು ಮಾತು ಹೇಳಬಾರದಿತ್ತೇ. ಆಸ್ಪತ್ರೆಯಿಂದ ಬಂದು ಮಗಳನ್ನು ಒಳಗೆ ಮಲಗಿಸಿ ಎಲ್ಲವನ್ನೂ ಕಿತ್ತುಹಾಕಬೇಕು ಅಂತ ಬಂದವಳು, ಚಪ್ಪಲಿ ಕೂಡ ಬಿಡದೆ, ಒಂದು ಖಾಲಿ ಬುಟ್ಟಿ ನೋಡುತ್ತಾ ನಿಂತಿದ್ದೇನೆ.

ಸೀಸ ಅಂದರು ಡಾಕ್ಟರಮ್ಮ, ರಕ್ತದ ರಿಪೋರ್ಟು ನೋಡಿ, ಮಗುವಿನ ರಕ್ತದಲ್ಲಿ ಸೀಸ ಸೇರಿದೆ, ಬಹಳ ಸೇರಿದೆ, ನಿಮ್ಮವರು ಏನು ಕೆಲಸ ಮಾಡ್ತಾರೆ, ಬ್ಯಾಟರಿ ಅಂಗಡಿ ಮೇಡಂ, ಗಾಡಿಗಳ ಹಳೇ ಬ್ಯಾಟರಿ ಬಿಚ್ಚಿ ರಿಪೇರಿ ಮಾಡ್ತಾರೆ, ಅಲ್ಲಿಂದ ಮನೆಗೆ ಏನಾದ್ರೂ ತರ್ತಾರಾ — ಆಗ ನಾನು, ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು, ಜಂಬದಿಂದ ಹೇಳಿದೆ, ಬ್ಯಾಟರಿಯ ಖಾಲಿ ಡಬ್ಬಿ ತರ್ತಾರೆ ಮೇಡಂ, ಗಟ್ಟಿ ಡಬ್ಬಿ, ಅದರಲ್ಲೇ ನಾನು ಬಾಲ್ಕನಿಯಲ್ಲಿ ಸೊಪ್ಪು ಬೆಳೀತೀನಿ, ಇವಳಿಗೆ ಅಂಗಡಿ ಸೊಪ್ಪು ಮುಟ್ಟಿಸಲ್ಲ. ಅವರು ಬರೆಯುವುದನ್ನು ನಿಲ್ಲಿಸಿದರು. ಎದ್ದು ಬಂದು ಮಗಳ ತುಟಿಯನ್ನು ಕೆಳಗೆ ಎಳೆದು ತೋರಿಸಿದರು, ಒಸಡಿನ ಅಂಚಿಗೆ ಒಂದು ನೀಲಿ ಗೆರೆ, ಸಣ್ಣದು, ದಿನಾ ಹಲ್ಲುಜ್ಜಿಸುವ ನಾನು ಅದನ್ನು ನೋಡಿದ್ದೆ, ಶಾಲೆಯಲ್ಲಿ ಪೆನ್ನು ಕಚ್ಚುತ್ತಾಳೆ ಅಂತ ಬೈದು ಬ್ರಷ್ಷಿನಿಂದ ಗಸಗಸ ಉಜ್ಜಿದ್ದೆ, ಅವಳು ಅತ್ತಿದ್ದಳು. ಸರಿಹೋಗುತ್ತಾ ಮೇಡಂ, ಇನ್ನು ಸೇರದ ಹಾಗೆ ನೋಡ್ಕೋಬಹುದು, ರಕ್ತದಲ್ಲಿ ಇರೋದನ್ನ ಔಷಧಿ ಕೊಟ್ಟು ಇಳಿಸ್ಬಹುದು, ತಲೆಗೆ ಆಗಿರೋದು — ನೋಡೋಣ, ನಾಳೆ ಬೆಳಿಗ್ಗೆ ಬಂದು ಆಸ್ಪತ್ರೆಗೆ ಸೇರಿಸಿ, ಇವಳ ತಂದೆ ರಕ್ತನೂ ನೋಡ್ಬೇಕು, ಆ ನೋಡೋಣ ಅನ್ನುವ ಮಾತನ್ನು ಅವರು ಕಿಟಕಿಗೆ ಹೇಳಿದರು, ನನಗಲ್ಲ. ನಾವು ಹೆದರಿದ್ದೆಲ್ಲ ಆಸಿಡ್ಡಿಗೆ, ಇವರ ಪ್ಯಾಂಟುಗಳಲ್ಲಿ ತೂತು, ಬೆರಳ ಸಂದಿಯಲ್ಲಿ ಸುಟ್ಟ ಕಲೆ, ಆಸಿಡ್ ಅಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಡಬ್ಬಿ ತಂದ ದಿನ ಇಲ್ಲೇ ಕುಕ್ಕರಗಾಲಲ್ಲಿ ಕೂತು ಒಳಗೆ ಅಡುಗೆ ಸೋಡಾ ಉದುರಿಸಿದರು, ಬುಸ್ಸೆಂದು ನೊರೆ ಬಂತು, ತೊಳೆದರು, ಮತ್ತೆ ಉದುರಿಸಿದರು, ಸ್ವಲ್ಪ ನೊರೆ, ಮತ್ತೆ ತೊಳೆದರು, ನೊರೆ ಬರುವುದು ನಿಂತಿತು, ನೋಡು, ಆಸಿಡ್ ಸತ್ತೋಯ್ತು, ಇನ್ನು ಇದರಲ್ಲಿ ನೀರು ಬೇಕಾದ್ರೂ ಕುಡೀಬಹುದು, ಅಂಗಡಿಯಲ್ಲಿ ಎಲ್ಲರೂ ಹೀಗೇ ನೋಡೋದು, ನೊರೆ ಇಲ್ಲ ಅಂದ್ರೆ ಭಯ ಇಲ್ಲ. ತಳದ ಮೂಲೆಗಳಲ್ಲಿ ಬೂದಿಬಣ್ಣದ್ದೇನೋ ಅಂಟಿಕೊಂಡಿತ್ತು, ಉಗುರಿನಿಂದ ಕೆರೆದೆ, ಬರಲಿಲ್ಲ, ಇರಲಿ ಬಿಡಿ, ಮಣ್ಣಿನಡಿಗೆ ಹೋಗುತ್ತಲ್ಲ ಅಂದವಳು ನಾನೇ.

ರೇಡಿಯೋ ಅಂತ ಅಡ್ಡಹೆಸರಿಟ್ಟವರು ಇವರು, ಮಗಳು ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು, ಕೆಲಸದಿಂದ ಬಂದವರು ಬಾಗಿಲಲ್ಲೇ ಅವಳ ಕಿವಿ ಮೆಲ್ಲಗೆ ತಿರುಗಿಸಿ, ಸ್ವಲ್ಪ ಸೌಂಡ್ ಕಮ್ಮಿ ಮಾಡಮ್ಮ ಅನ್ನುತ್ತಿದ್ದರು, ಅವಳು ಬೇಕೆಂದೇ ಜೋರು ಮಾಡುತ್ತಿದ್ದಳು — ಮೊದಲು ಹೊಟ್ಟೆನೋವು ಅಂದಳು, ಶಾಲೆ ತಪ್ಪಿಸುವ ನಾಟಕ ಅಂದೆ, ಆಮೇಲೆ ಮುಖ ಬಿಳುಚಿಕೊಂಡಿತು, ಬೀದಿ ತಿರುವಿನ ಡಾಕ್ಟರು ಕಣ್ಣುರೆಪ್ಪೆ ಬಿಡಿಸಿ ನೋಡಿ ರಕ್ತ ಕಮ್ಮಿ ಇದೆ, ಸೊಪ್ಪು ಚೆನ್ನಾಗಿ ಕೊಡಿ ಅಂದರು, ಸೊಪ್ಪಿಗೇನು ಬರ ಸಾರ್ ನಮ್ಮನೇಲಿ, ಅಂತ ನಗುನಗುತ್ತಾ ಎದ್ದು ಬಂದೆ, ದಾರಿಯಲ್ಲಿ ಸೊಪ್ಪಿನ ಗಾಡಿಯವಳು ಕಟ್ಟು ಎತ್ತಿ ತೋರಿಸಿದರೆ ನಾಲ್ಕು ಜನರಿಗೆ ಕೇಳುವ ಹಾಗೆ, ಚರಂಡಿ ನೀರಲ್ಲಿ ಬೆಳೆದದ್ದು ನಮಗೆ ಬೇಡಮ್ಮ ಅಂದೆ, ಅವಳ ಮುಖ ಸಣ್ಣದಾಯಿತು, ನನಗೆ ಒಳಗೊಳಗೇ ಖುಷಿ. ರೇಡಿಯೋ ಮಾತು ಕಮ್ಮಿ ಮಾಡಿದಳು, ನಾನು ಸೊಪ್ಪು ಜಾಸ್ತಿ ಮಾಡಿದೆ. ಟೀಚರು ಕರೆಸಿ, ಗೊತ್ತಿದ್ದ ಅಕ್ಷರ ಮರೀತಿದ್ದಾಳಲ್ರೀ ಅಂದರು, ಸೊಪ್ಪು ಜಾಸ್ತಿ ಮಾಡಿದೆ. ಅನ್ನಕ್ಕೆ ಕಲಸಿದ್ದನ್ನು ಉಗುಳತೊಡಗಿದಳು, ತಟ್ಟೆ ತಳ್ಳಿದಳು, ನನ್ನ ಕೈ ಕಚ್ಚಿದಳು, ಆಗ ಹೊಳೆದದ್ದು ಮೇಕೆ ಆಟ, ಎಷ್ಟು ಬುದ್ಧಿವಂತೆ ನಾನು, ಮೇಕೆಯ ಹಾಗೆ ಡಬ್ಬಿಯ ಮುಂದೆ ಮಂಡಿಯೂರಬೇಕು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು, ಬಾಯಿಯಿಂದಲೇ ಎಲೆ ಕಿತ್ತು ತಿನ್ನಬೇಕು, ಒಂದು ಎಲೆಗೆ ಅಮ್ಮನ ಒಂದು ಚಪ್ಪಾಳೆ, ಕೈ ಬಿಟ್ಟರೆ ಆಟ ಹೋಯಿತು, ಯಾಕೆ ಕೈ ಬಿಡಬಾರದು ಹೇಳು ನೋಡೋಣ, ಮೇಕೆಗೆ ಕೈ ಇರಲ್ವಲ್ಲಮ್ಮ, ಅಷ್ಟೂ ಗೊತ್ತಾಗಲ್ವಾ ನಿಂಗೆ — ಅಷ್ಟುದ್ದ ಮಾತು ಆಗ ಬರುತ್ತಿತ್ತು ಅವಳಿಗೆ, ಬಿದ್ದ ಹಲ್ಲಿನ ಸಂದಿಯಿಂದ ಎಲೆಯ ದಂಟು ಹೊರಗೆ, ಮೂತಿಗೆಲ್ಲ ಮಣ್ಣು, ಅಂಗೈಯಿಂದ ಒರೆಸಿ, ನಮ್ಮನೆ ಮಣ್ಣು, ಒಂಚೂರು ಹೊಟ್ಟೆಗೆ ಹೋದ್ರೆ ಏನೂ ಆಗಲ್ಲ ಅಂದೆ, ಬೆನ್ನ ಹಿಂದೆ ಆ ಪುಟ್ಟ ಕೈಗಳು, ಬೆರಳಿಗೆ ಬೆರಳು ಸಿಕ್ಕಿಸಿಕೊಂಡು ಎಷ್ಟು ಬಿಗಿಯಾಗಿ. ಈಗ ಚಪ್ಪಲಿ ಯಾವ ಕಾಲಿಗೆ ಯಾವುದು ಅಂತ ಮರೆತಿದ್ದಾಳೆ, ಅಪ್ಪನ ಹೆಸರು ಕೇಳಿದರೆ ಸುಮ್ಮನೆ ನೋಡುತ್ತಾಳೆ, ಆಟ ಮಾತ್ರ ಮರೆತಿಲ್ಲ, ಬೆಳಿಗ್ಗೆ ಆಸ್ಪತ್ರೆಯ ಜಗಲಿಯಲ್ಲಿ ಜನರನ್ನು ಸಾಲಿಗೆ ನಿಲ್ಲಿಸಲು ಆಯಾ ಚಪ್ಪಾಳೆ ತಟ್ಟಿದಳು, ನನ್ನ ತೊಡೆಯ ಮೇಲಿಂದ ಜಾರಿ ಮಗಳು ಅಲ್ಲೇ ನೆಲಕ್ಕೆ ಮಂಡಿಯೂರಿ, ಕೈ ಹಿಂದೆ ಕಟ್ಟಿ, ಬಾಯಿ ತೆರೆದಳು, ಪಕ್ಕದವರು ನಕ್ಕರು, ನಾನೂ ನಕ್ಕೆ, ಇನ್ನೂ ಡಾಕ್ಟರಮ್ಮನ ಕೋಣೆಯೊಳಗೆ ಹೋಗಿರಲಿಲ್ಲ ನಾವು.

ಬುಟ್ಟಿ ಎರಡು ಸಲ ಜಗ್ಗಿತು. ಅಕ್ಕ, ಬುಟ್ಟಿ ಬಂತಾ, ಇದ್ದೀರಾ ಅಕ್ಕ — ಇದ್ದೀನಮ್ಮ, ಇವತ್ತು ಸೊಪ್ಪಿಲ್ಲ, ಹುಳ ಬಿದ್ದಿದೆ, ಈ ಸುಳ್ಳು ಎಷ್ಟು ಸಲೀಸಾಗಿ ಬಂತು, ಹುಳ ಬಿದ್ರೆ ಏನಕ್ಕ, ತೊಳ್ಕೋತೀನಿ, ಹುಳ ತಿನ್ನೋ ಸೊಪ್ಪೇ ಒಳ್ಳೇ ಸೊಪ್ಪು ಅಂತ ನೀವೇ ಹೇಳಿದ್ರಲ್ಲ, ಹೌದು, ನಾನೇ ಹೇಳಿದ್ದೆ, ಏನೇನು ಹೇಳಿಲ್ಲ ನಾನು ಈ ಬಾಲ್ಕನಿಯಲ್ಲಿ ನಿಂತು. ನಿಮ್ಮನೆ ಸೊಪ್ಪು ಬೇರೆ ಯಾರಾದ್ರೂ ತಿಂತಾರಾ ಅಂತ ಡಾಕ್ಟರಮ್ಮ ಬಾಗಿಲವರೆಗೂ ಬಂದು ಕೇಳಿದರು, ಇಲ್ಲ ಅಂದೆ, ಇಲ್ಲ ಮೇಡಂ, ನಾವಷ್ಟೇ, ಯಾಕೆ ಹಾಗಂದೆ, ಹೇಳಿದರೆ ಈ ಮೇಲಿನವಳ ಗಂಡ ಮನೆ ಮುಂದೆ ಬಂದು ನಿಲ್ಲುತ್ತಾನೆ, ಬೀದಿಯೆಲ್ಲ ನನ್ನನ್ನು ಬೊಟ್ಟು ಮಾಡಿ ತೋರಿಸುತ್ತದೆ, ಮಗಳಿಗೇ ವಿಷ ಉಣಿಸಿದವಳು ಅನ್ನುತ್ತದೆ — ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಮಗು ಹುಟ್ಟುತ್ತದೆ, ಮಾತು ತಡವಾದರೆ ಕೆಲವು ಮಕ್ಕಳು ಹಾಗೇ ಅನ್ನುತ್ತಾರೆ, ನಾನೂ ಎತ್ತಿಕೊಂಡು ಮುದ್ದಾಡಿ ಕೆಲವು ಮಕ್ಕಳು ಹಾಗೇ ಕಣೇ ಅನ್ನುತ್ತೇನೆ, ಹುಟ್ಟಿದ ಮೇಲೂ ಬುಟ್ಟಿ ಇಳಿಯುತ್ತದೆ, ಎಳೇ ಎಲೆ ಹಾಕಿ ಅಕ್ಕ, ಮಗುವಿಗೆ — ತಿನ್ನಬೇಡ, ಇದು ಯಾರ ಗಂಟಲು, ನನ್ನದೇ, ತಿನ್ನಬೇಡ ಕಣೇ, ಫ್ರಿಜ್ಜಲ್ಲಿ ಇಟ್ಟಿರೋದನ್ನೂ ತಿನ್ನಬೇಡ, ಬಿಸಾಕು, ಕೆಳಗೆ ಬಾ, ಹೇಳೋದಿದೆ, ನಾಳೆ ನನ್ನ ಜೊತೆ ನೀನೂ ಆಸ್ಪತ್ರೆಗೆ ಬರ್ಬೇಕು. ಮೆಷಿನ್ನಿನ ಸದ್ದಿಲ್ಲ. ಯಾಕಕ್ಕ, ಏನಾಯ್ತು, ಎಂದಳು, ದನಿ ಆಗಲೇ ಬೇರೆಯಾಗಿದೆ, ಬಾರಮ್ಮ, ನಿಧಾನ, ಗೋಡೆ ಹಿಡ್ಕೊಂಡು ಇಳಿ. ಮೇಲೆ ಚಿಲಕ ತೆಗೆದ ಸದ್ದು, ಇಳಿಯುತ್ತಿದ್ದಾಳೆ, ಒಂದೊಂದೇ ಮೆಟ್ಟಿಲು, ಅವಳ ಮುಖ ನೋಡುವ ಮೊದಲು ಇದರಲ್ಲಿ ಒಂದನ್ನಾದರೂ ಕೀಳುತ್ತೇನೆ, ಬುಡಕ್ಕೆ ಕೈ ಹಾಕಿ ಎಳೆದೆ, ಪಾಲಕ್ ಬೇರುಸಮೇತ ಬಂತು, ಬೇರಿನ ತುದಿಯಲ್ಲಿ ಅದೇ ಬೂದಿಬಣ್ಣದ ಹಿಟ್ಟು, ಥೂ, ಅದನ್ನು ಮೂಲೆಗೆ ಎಸೆದು ಕೈಗಂಟಿದ ಮಣ್ಣು ಕೊಡವಿದೆ, ಅಂಗೈಗೆ ಅಂಗೈ ಹೊಡೆದು ಕೊಡವಿದೆ, ಅಷ್ಟೇ, ಎಲ್ಲರೂ ಕೊಡವುವ ಹಾಗೆ.

ಹಿಂದೆ ಬರಿಗಾಲ ಸದ್ದು, ನಿದ್ದೆಗಣ್ಣು, ಕೆನ್ನೆಯ ಮೇಲೆ ದಿಂಬಿನ ಗೆರೆ, ಮಗಳು ಎದ್ದು ಬಂದಿದ್ದಾಳೆ, ಚಪ್ಪಾಳೆ ಕೇಳಿ ಬಂದಿದ್ದಾಳೆ, ನನ್ನ ಮುಖ ನೋಡುವುದಿಲ್ಲ, ಡಬ್ಬಿಯ ಮುಂದೆ ಮಂಡಿಯೂರಿದಳು, ಬೇಡ, ಬೇಡ ಚಿನ್ನ, ಆಟ ಇಲ್ಲ ಇವತ್ತು, ಬಗ್ಗಿದಳು, ಎಲೆ ಹರಿದ ಸದ್ದು, ಬಾಚಿ ಎತ್ತಿಕೊಂಡೆ, ಬಾಯೊಳಗೆ ಬೆರಳು ಹಾಕಿ ಹುಡುಕುತ್ತಿದ್ದೇನೆ, ನಾಲಗೆ, ನೀಲಿ ಗೆರೆ, ಹಲ್ಲಿಲ್ಲದ ಸಂದಿ, ಎಲೆಯ ಚೂರು, ಉಗುಳು, ಉಗುಳಮ್ಮ, ಅಳುವುದಿಲ್ಲ, ಕೊಸರುವುದಿಲ್ಲ, ನನ್ನನ್ನು ಹಿಡಿದುಕೊಳ್ಳುವುದೂ ಇಲ್ಲ, ಬೀಳ್ತೀಯ, ನನ್ನ ಕುತ್ತಿಗೆ ಹಿಡ್ಕೋ, ಹಿಡ್ಕೋ ಅಂದರೆ ಕೇಳುತ್ತಿಲ್ಲ, ಕಾಲುಗಳು ಗಾಳಿಯಲ್ಲಿ ನೇತಾಡುತ್ತಿವೆ, ಬಾಗಿಲಲ್ಲಿ ಅಕ್ಕ ಅನ್ನುವ ದನಿ, ಮಗಳು ನನ್ನ ಕೈಗಳನ್ನೇ ನೋಡುತ್ತಿದ್ದಾಳೆ, ಒಂದು ಎಲೆಗೆ ಒಂದು ಚಪ್ಪಾಳೆ, ಕಾಯುತ್ತಿದ್ದಾಳೆ, ಕೈ ಬಿಟ್ಟರೆ ಆಟ ಹೋಗುತ್ತದಲ್ಲ, ಅವಳ ಬೆನ್ನ ಹಿಂದೆ ಎರಡು ಕೈ, ಬೆರಳಿಗೆ ಬೆರಳು ಸಿಕ್ಕಿಸಿಕೊಂಡು, ಬಿಗಿಯಾಗಿ, ಎಳೆದರೂ ಬಿಡದೆ, ಎರಡು ಕೈ