ಕಣಕದ ಕೈ

ಮೈಂದರ್ಗಿಯ ಮನೀಷಾಗೆ ಪಿಸಿಓಎಸ್ ಇತ್ತು. ಐದು ತಿಂಗಳಿಂದ ಮುಟ್ಟೇ ಆಗಿರಲಿಲ್ಲ. ಡಾಕ್ಟರ ಗುಳಿಗೆಯ ಜೊತೆ, ಪ್ರತಿ ಗುರುವಾರ ಸೋಲಾಪುರಕ್ಕೆ ಹೋಗಿ ಅಕ್ಯುಪಂಕ್ಚರ್ ಸೂಜಿಯನ್ನೂ ಚುಚ್ಚಿಸಿಕೊಳ್ಳುತ್ತಿದ್ದಳು.

“ಸೂಜಿ ಚುಚ್ಚಿದ್ರ ಕೌದಿ ಆಗ್ತದ, ಮುಟ್ಟ ಹ್ಯಾಂಗ ಆಗ್ತದವಾ?” ಅಂತ ಅತ್ತೆ ಗುರುಬಾಯಿ ಚಾಷ್ಟಿ ಮಾಡುತ್ತಿದ್ದಳು.

ಅವತ್ತು ಅತ್ತೆ ಬೀರೋಬಾನ ನೈವೇದ್ಯಕ್ಕೆ ಹೋಳಿಗೆಯ ಕಣಕ ನಾದುತ್ತಿದ್ದಾಗ ಮನೀಷಾ ಅಡುಗೆಮನೆಯ ಹೊಸ್ತಿಲಾಚೆಗೇ ನಿಂತಳು.

“ಅತ್ತೀ, ಒಳಗ ಬರಾಂಗಿಲ್ರಿ. ಹೊರಗಾಗೀನಿ.”

ಗುರುಬಾಯಿ ಕಣಕದ ಕೈಯಲ್ಲೇ ಓಡಿ ಬಂದು ಸೊಸೆಯ ಎರಡೂ ಗಲ್ಲ ಹಿಡಿದಳು. “ಖರೇನೇನ?”

“ಅಯ್ಯ, ಮುಟ್ಟಬ್ಯಾಡ್ರಿ! ನೈವೇದ್ಯ ಮೈಲಗಿ ಆತು.”

“ಆಗಲಿ ಬಿಡ. ಜಳಕಾ ಮಾಡಿ ಮತ್ತ ನಾದ್ತೀನಿ,” ಗುರುಬಾಯಿ ನಕ್ಕಳು. “ಬೀರೋಬಾ ಒಂದ ತಾಸ ಕಾಯ್ತಾನ. ನಾವು ಐದ ತಿಂಗಳ ಕಾದಿಲ್ಲೇನು?”