ಮಡಚಿದ ಮೂಲೆ

ನಜೀರಾ ಆಸ್ಪತ್ರೆಯಲ್ಲಿ ಓದುತ್ತಿದ್ದ ಮಂಗಳಗ್ರಹದ ವೈಜ್ಞಾನಿಕ ಕಾದಂಬರಿ ಅರ್ಧಕ್ಕೇ ನಿಂತಿತ್ತು. ಅವಳು ತೀರಿಕೊಂಡ ಮೇಲೆ ಗಂಡ ಅತೀಕ್ ಅದನ್ನು ನೋಡಲಾರದೆ ತುಮಕೂರಿನ ಶಿರಾ ಗೇಟಿನ ಟೀ ಅಂಗಡಿಯ ಕಪಾಟಿಗೆ ಹಾಕಿಬಂದ. ಒಂದು ಪುಸ್ತಕ ಇಟ್ಟು ಇನ್ನೊಂದು ಒಯ್ಯುವ ಕಪಾಟು ಅದು. ಹಾಳು ಬುದ್ಧಿ! ನಿಲ್ಲಿಸಿದ ಪುಟದ ಮೂಲೆಯನ್ನು ಅವಳು ಮಡಚಿಟ್ಟಿದ್ದಳು; ಅಲ್ಲಿಂದ ಮುಂದೆ ತಾನು ಓದಿ ಮುಗಿಸಬೇಕಿತ್ತು ಅಂತ ಹೊಳೆದದ್ದು ಆಮೇಲೆ. ಅಷ್ಟರಲ್ಲಿ ಪುಸ್ತಕ ಗುಬ್ಬಿಗೆ ಹೋಗಿ, ಕೈಬದಲಾಗಿ ಕುಣಿಗಲ್ ಸೇರಿತ್ತು.

ವಿಚಾರಿಸಿಕೊಂಡು ಹೋದಾಗ ಕುಣಿಗಲ್ಲಿನ ಓಬಳಯ್ಯ ಮೇಷ್ಟ್ರು ಹೆಮ್ಮೆಯಿಂದ ಪುಸ್ತಕ ಕೈಗಿಟ್ಟರು.

"ಯಾರೋ ಮೂಲೆ ಮಡಚಿ ಹಾಳು ಮಾಡಿದ್ರು ಸಾಬ್ರೇ. ಬಿಡಿಸಿ, ಇಸ್ತ್ರಿ ಹಾಕಿದೀನಿ ನೋಡಿ."

"ಉಪಕಾರ ಆಯ್ತು ಮೇಷ್ಟ್ರೇ," ಅಂದ ಅತೀಕ್.

ತುಮಕೂರು ಬಸ್ಸಿನಲ್ಲಿ ಕೂತು ಒಂದೊಂದೇ ಪುಟದ ಮೂಲೆಯನ್ನು ಬೆರಳಿನಿಂದ ಸವರುತ್ತ ಬಂದ. ಎಲ್ಲವೂ ನುಣ್ಣಗಿದ್ದವು.