ಪ್ರಾಚಿ ಆರಿಸಿದ ನೌಕೆ

ಮದುವೆಯಾದ ಮೇಲಿನ ಮೊದಲ ಹುಟ್ಟುಹಬ್ಬಕ್ಕೆ ಸೀರೆ ಬೇಡವೆಂದು ಪ್ರಾಚಿ ಮೊದಲೇ ಹೇಳಿದ್ದಳು. ಅವಳಿಗೆ ಬೇಕಾಗಿದ್ದದ್ದು ಬಾಹ್ಯಾಕಾಶ ನೌಕೆಯ ಮಾದರಿ. ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಕಟ್ಟುವಂಥದ್ದು. ನಿಜವಾದ ನೌಕೆಯಲ್ಲ, ಕತೆಗಳಲ್ಲಿ ಮಾತ್ರ ಹಾರುವಂಥದ್ದು. ಕಾಲೇಜಿನ ದಿನಗಳಲ್ಲಿ ಅಂಥವನ್ನು ಕಟ್ಟಿ ತವರಿನ ಕಪಾಟು ತುಂಬಿಸಿದ್ದಳು. ತೇರದಾಳದಲ್ಲಿ ಕೃಷಿ ಔಷಧದ ಅಂಗಡಿ ಇಟ್ಟಿದ್ದ ಗಂಡ ಶ್ರೇಣಿಕ, "ಆತು, ಯಾವದು ಬೇಕೋ ಅದನ್ನ ಆರಿಸ್ಕೊ" ಎಂದು ಭಾನುವಾರ ಅವಳನ್ನು ಬೈಕಿನಲ್ಲಿ ಜಮಖಂಡಿಗೆ ಕರೆದುಕೊಂಡು ಬಂದ.

ಆಟಿಕೆ ಅಂಗಡಿಯ ವಿಜಯ ಮೂರು ಡಬ್ಬಿಗಳನ್ನು ಇಳಿಸಿದ. ಒಂದರಲ್ಲಿ ಮೈತುಂಬ ತೋಪುಗಳಿದ್ದ ಭಾರಿ ಯುದ್ಧನೌಕೆ. ಇನ್ನೊಂದು ಒತ್ತಿದರೆ ಕೂಡುವ, ಸ್ಟಿಕರ್ ಅಂಟಿಸುವ ಸಣ್ಣದು. ಮೂರನೆಯದು ಹಳೆಯ ಸರಕು ನೌಕೆ. ಅದರ ಮೈ ತಗ್ಗುಬಿದ್ದಿತ್ತು, ಅಲ್ಲಲ್ಲಿ ತೇಪೆ, ಚಾಲಕರ ಕೋಣೆ ಒಂದು ಮಗ್ಗುಲಿಗೆ. ಅದರ ತುಕ್ಕಿಗೆ ಯಾವ ಬಣ್ಣ ಬೆರೆಸಬೇಕೆಂದು ಪ್ರಾಚಿಯ ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು.

"ಹುಡುಗಂದು ವಯಸ್ಸ ಎಷ್ಟರೀ?" ವಿಜಯ ಕೇಳಿದ್ದು ಶ್ರೇಣಿಕನನ್ನು.

"ಹುಡುಗ ಯಾರೂ ಇಲ್ರಿ. ನನಗ ಬೇಕಾಗೇತಿ," ಎಂದಳು ಪ್ರಾಚಿ, ಸರಕು ನೌಕೆಯ ಡಬ್ಬಿಯನ್ನು ಎತ್ತಿಕೊಂಡು.

ವಿಜಯ ನಕ್ಕ. "ಚ್ಯಾಷ್ಟಿ ಮಾಡಬ್ಯಾಡ್ರಿ ಅಕ್ಕಾರ." ಮತ್ತೆ ಶ್ರೇಣಿಕನತ್ತ ತಿರುಗಿ, "ಅದರಾಗ ಸಣ್ಣ ಸಣ್ಣ ತುಂಡು ಭಾಳ ಅದಾವ್ರಿ. ಹೆಣ್ಮಕ್ಕಳ ಕೈಲೆ ಆಗೂದಲ್ಲ. ಈ ಸ್ಟಿಕರಿಂದು ಒಯ್ರಿ," ಎಂದ.

ಶ್ರೇಣಿಕ ಏನಾದರೂ ಹೇಳುತ್ತಾನೆಂದು ಪ್ರಾಚಿ ಕಾದಳು. ಅಷ್ಟರಲ್ಲಿ ಪಕ್ಕದಲ್ಲಿ ಮೊಮ್ಮಗಳಿಗೆ ಚೆಂಡು ಆರಿಸುತ್ತಿದ್ದ ಮುದುಕ ಕತ್ತೆತ್ತಿ ನೋಡಿದ. ಹುನ್ನೂರಿನ ಗಿರಿಮಲ್ಲಪ್ಪ, ಶ್ರೇಣಿಕನ ಅಂಗಡಿಯ ಗಿರಾಕಿ.

"ನಮ್ಮ ಅಣ್ಣನ ಮಗಗ ರೀ," ಎಂದ ಶ್ರೇಣಿಕ ಅವಸರದಿಂದ. "ಕುಣಾಲ ಅಂತ."

ವಿಜಯನ ನಗೆಯನ್ನು ಪ್ರಾಚಿ ತಾಳಿಕೊಂಡಿದ್ದಳು. ಈ ಮಾತಿಗೆ ಅವಳ ಮುಖ ಕೆಂಡವಾಯಿತು. ಡಬ್ಬಿ ಅಲ್ಲೇ ಬಿಟ್ಟು ಹೊರಗೆ ನಡೆದಳು. ಶ್ರೇಣಿಕ ಹಿಂದೆಯೇ ಬಂದ.

"ಕುಣಾಲಗ ಯಾವಾಗ ಬೇಕಾಗಿತ್ತರೀ ಅದು?"

"ಗಿರಿಮಲ್ಲಪ್ಪ ನಿಂತಿದ್ದನಲ್ಲ. ಶ್ರೇಣಿಕನ ಹೆಂಡ್ತಿ ಆಟಗಿ ಸಾಮಾನ ಆಡ್ತಾಳ ಅಂತ ಊರ ತುಂಬ ಹೇಳ್ಯಾನು ಅಂತ ಅಂದೆ. ಹೆಂಗೂ ನಿನಗ ಸಿಗತೈತಲ್ಲ, ಬಿಡು."

"ಕದ್ದು ಒಯ್ಯೂ ಸಾಮಾನೇನ್ರಿ ಇದು? ನೀವು ದಿನಾ ಗೆಳ್ಯಾರ ಕೂಡ ಮೊಬೈಲಿನ್ಯಾಗ ಬಂದೂಕ ಹಾರಿಸ್ತೀರಿ. ಅದು ಆಟ ಅಲ್ಲೇನು? ಅದು ಅಣ್ಣನ ಮಗಂದು ಅಂತ ನಾ ಯಾರ ಮುಂದರ ಹೇಳೇನೇನು?"

ಶ್ರೇಣಿಕ ಬೈಕಿನ ಕನ್ನಡಿ ಒರೆಸತೊಡಗಿದ. ಪ್ರಾಚಿ ಒಬ್ಬಳೇ ಮರಳಿ ಒಳಗೆ ಹೋದಳು.

"ಅಣ್ಣಾರ, ಯಾವ ಹುಡುಗಗೂ ಅಲ್ಲ. ನಾನ ತಗೊಳಾಕಿ, ನಾನ ಕಟ್ಟಾಕಿ."

ವಿಜಯ ಈ ಸಲ ನಗಲಿಲ್ಲ. ಯುದ್ಧನೌಕೆಯ ಡಬ್ಬಿಯನ್ನು ಮುಂದೆ ತಳ್ಳಿದ. "ಹಂಗಾರ ಇದನ್ನ ಒಯ್ರಿ. ಎಲ್ಲಾಕ್ಕಿಂತ ಕಠಿಣ ಐತಿ."

ಅವಳ ಕೈ ಆ ಕಡೆ ಹೋಯಿತು. ಅಷ್ಟು ದೊಡ್ಡ ಡಬ್ಬಿಯನ್ನು ಇವರೆಲ್ಲರ ಕಣ್ಣೆದುರೇ ಹೊತ್ತುಕೊಂಡು ಹೋಗಬೇಕು ಅನ್ನಿಸಿತು. ಆದರೆ ಆ ತೋಪುಗಳು ಅವಳಿಗೆ ಒಂದಿಷ್ಟೂ ಹಿಡಿಸಿರಲಿಲ್ಲ. ಇವರ ಮೇಲಿನ ಸಿಟ್ಟಿಗೆ ತನಗೆ ಬೇಡವಾದದ್ದನ್ನು ಒಯ್ಯುವುದೇಕೆ?

"ಬ್ಯಾಡ್ರಿ. ನಾ ಮೊದ್ಲ ಎತ್ತಿದ್ದನ್ನ ಕೊಡ್ರಿ."

ಗಿರಿಮಲ್ಲಪ್ಪ ಹತ್ತಿರ ಬಂದು ಡಬ್ಬಿಯ ಮೇಲಿನ ಚಿತ್ರಕ್ಕೆ ಬಾಗಿದ. "ಪಲ್ಟಿ ಆಗಿ ಎದ್ದ ಲಾರಿ ಇದ್ದಂಗೈತಲ್ಲ ತಂಗಿ!"

"ಸರಕ ಹೇರೂ ಗಾಡೀನ ರೀ," ಎಂದಳು ಬಿರುಸಾಗಿ.

"ಹೌದಾ? ಕಬ್ಬ ಹೇರಿದ್ರ ಎಷ್ಟು ಟನ್ ಹಿಡೀಬಹುದು?"

ಅವನು ಖರೇನೇ ಕೇಳುತ್ತಿದ್ದಾನೆಂದು ತಿಳಿಯಲು ಅವಳಿಗೆ ಕ್ಷಣ ಬೇಕಾಯಿತು. ಗಂಡ ಸುಳ್ಳು ಹೇಳಿದ್ದು ಈ ಮನುಷ್ಯನಿಗೆ ಹೆದರಿಯೇ? ಇಳಿಯುತ್ತಿದ್ದ ಸಿಟ್ಟು ಮತ್ತೆ ಏರಿತು.

ಮನೆಯಲ್ಲಿ ಅತ್ತೆ ಮಹಾದೇವಿ ಡಬ್ಬಿ ನೋಡಿ, "ಯಾರಿಗಿ ಇದು? ಕುಣಾಲಗೇನು?" ಎಂದರು.

ಪ್ರಾಚಿ ಗಂಡನ ಮುಖವನ್ನೇ ನೋಡುತ್ತ ನಿಂತಳು.

"ಪ್ರಾಚಿಂದು, ಅವ್ವಾ," ಎಂದ ಶ್ರೇಣಿಕ, ಕೇಳಿಸಿಯೂ ಕೇಳಿಸದಂತೆ.

"ಜೋರಾಗಿ ಹೇಳ್ರಿ."

"ಪ್ರಾಚಿಂದು! ಆಕೀನ ಆರಿಸ್ಯಾಳ, ಆಕೀನ ಕಟ್ತಾಳ."

"ಕಟ್ಟಲಿ. ಊಟದ ಮ್ಯಾಜಿಗೆ ಅಂಟು ಹತ್ತಬಾರ್ದು ನೋಡು," ಎಂದು ಅತ್ತೆ ಒಳಗೆ ಹೋದರು.

ಪ್ರಾಚಿ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಮೊದಲ ತುಂಡನ್ನು ಕತ್ತರಿಸಿದಳು. ಶ್ರೇಣಿಕ ಎದುರಿನ ಕುರ್ಚಿ ಎಳೆದು, "ನಾ ಏನರ ಹಿಡ್ಕೊಳ್ಳಲೇನು?" ಎಂದ.

"ಇವತ್ತ ಬ್ಯಾಡ," ಎಂದಳು ಅವಳು, ತಲೆ ಎತ್ತದೆ.